ನಡುವೆ ಕೂರಿಸಿದ ಮಗಳು

ಹಿರಿಯೂರಿನ ಕುರಿ ಸಂತೆಯಲ್ಲಿ ಕಾಲು ಎಳೆಯುವ ಕುರಿ ಇದ್ದರೆ ಮಾರುವವರು ಅದನ್ನು ಹಿಂಡಿನ ನಡುವೆ ನಿಲ್ಲಿಸುತ್ತಾರೆ. ಸುತ್ತ ಒತ್ತಿಕೊಂಡು ನಿಂತ ಕುರಿಗಳ ಮಧ್ಯೆ ಅದರ ಕಾಲು ಕಾಣುವುದಿಲ್ಲ. ಜವನಗೊಂಡನಹಳ್ಳಿಯ ಕನಕರಾಜ್ ಆ ಭಾನುವಾರ ಮಗಳು ನಾಗಶ್ರೀಯನ್ನು ಕೂರಿಸಿದ್ದೂ ಹಾಗೆಯೇ.

ಅವನ ತಂಗಿ ಭಾಗ್ಯಳನ್ನು ನೋಡಲು ಹೊಸದುರ್ಗದ ಕಡೆಯವರು ಬರುವವರಿದ್ದರು. ಬೆಳಿಗ್ಗೆಯೇ, ಕಾಲು ನೆಟ್ಟಗಿರಲೆಂದು ಆಸ್ಪತ್ರೆಯವರು ಮಗಳಿಗೆ ಹಾಕಿಸಿದ್ದ ಪ್ಲಾಸ್ಟಿಕ್ ಬೂಟು ಬಿಚ್ಚಿಸಿ, ಉದ್ದ ಲಂಗ ಉಡಿಸಿ, ಓಣಿಯ ಹುಡುಗಿಯರ ಮಧ್ಯೆ ಚಾಪೆಯ ಮೇಲೆ ಕೂರಿಸಿದ.

“ಅವರು ಹೋಗೋತನ್ಕ ಏಳಬ್ಯಾಡ ಕಣವ್ವ. ಯಾರಾನ ಕೇಳಿದ್ರೆ ನಿನ್ನೆ ಬಿದ್ದೆ ಅನ್ನು.”

“ನಾನೆಲ್ಲಿ ಬಿದ್ದೆ?”

“ಸುಮ್ನೆ ಅನ್ನೇ.”

ಒಲೆಯ ಮುಂದಿದ್ದ ಹೆಂಡತಿ ಯಶೋದಾ ತಿರುಗಿದಳು. “ಇದು ಮನೆತನದಾಗೆ ಬರೋದಲ್ಲ ಅಂತ ಡಾಕ್ಟ್ರೇ ಹೇಳವ್ರಲ್ಲ. ಅದ್ನೇ ಹೇಳ್ರಿ.”

“ಡಾಕ್ಟ್ರು ಹೇಳಿದ್ರೆ ಜನ ನಂಬ್ತಾರೇನೇ?”

ನಾಗಶ್ರೀ ಹುಟ್ಟಿದ್ದು ಏಳನೇ ತಿಂಗಳಲ್ಲಿ, ಒಂದು ಕಿಲೋ ತೂಕವಿತ್ತು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ತಿಂಗಳಿದ್ದು ಕೂಸು ಉಳಿಯಿತು. ಮೆದುಳು ಇನ್ನೂ ರೂಪುಗೊಳ್ಳುವಾಗಲೇ ಹೊರಬಂದ ಮಗು, ಶಾಲೆಗೆ ಸೇರುವವರೆಗೂ ತಪ್ಪದೆ ತೋರಿಸಿ ಎಂದು ವೈದ್ಯೆ ಹೇಳಿ ಕಳಿಸಿದ್ದರು. ಎರಡೂವರೆ ವರ್ಷಕ್ಕೆ ಮಗಳು ಎದ್ದು ನಡೆದಾಗ ಕನಕರಾಜ್ ಆಸ್ಪತ್ರೆಗೆ ಹೋಗುವುದನ್ನು ಬಿಟ್ಟ. ದಿನ ತುಂಬದೆ ಹುಟ್ಟಿದ ಕುರಿಮರಿ ಕಂಬಳಿಯ ಬೆಚ್ಚಗೆ ಚೇತರಿಸಿಕೊಂಡು ಎದ್ದು ನಿಂತಿತೆಂದರೆ ಮುಗಿಯಿತು, ಆಮೇಲೆ ಅದನ್ನು ಬೇರೆ ಮರಿಗಳ ನಡುವೆ ಗುರುತಿಸುವುದೂ ಕಷ್ಟ. ಅವನಿಗೆ ಗೊತ್ತಿದ್ದದ್ದು ಅದು. ಹಾಗಾಗಿ ಮಗಳು ತುದಿಗಾಲಲ್ಲಿ ನಡೆದರೆ, ಬೋರ್ಡಿನ ಮೇಲಿನದನ್ನು ನೋಡಿ ಬರೆಯದಿದ್ದರೆ, ಕೂಡುವ ಲೆಕ್ಕ ತಪ್ಪಿದರೆ ಸೋಮಾರಿತನವೆಂದು ಗದರಿದ. ಒಮ್ಮೆ ಹೊಡೆದೂ ಇದ್ದ. ಒಂಬತ್ತು ತುಂಬಿದ ಮೇಲೆ ಯಶೋದಾಳೇ ಚಿತ್ರದುರ್ಗಕ್ಕೆ ಕರೆದೊಯ್ದು ತೋರಿಸಿದಾಗ ಗೊತ್ತಾಯಿತು, ಇದೆಲ್ಲ ಬೇಗ ಹುಟ್ಟಿದ್ದರಿಂದ ಬಂದದ್ದು. ಮೊದಲೇ ಕರೆತಂದಿದ್ದರೆ ಕಾಲು ಇಷ್ಟು ಬಿಗಿಯುತ್ತಿರಲಿಲ್ಲ ಎಂದರು ಅಲ್ಲಿನ ವೈದ್ಯರು. ಮಾತಿನಲ್ಲಿ ಮಾತ್ರ ನಾಗಶ್ರೀಯನ್ನು ಮೀರಿಸುವವರು ಓಣಿಯಲ್ಲಿರಲಿಲ್ಲ.

ಹನ್ನೊಂದರ ಹೊತ್ತಿಗೆ ನೆಂಟರು ಬಂದರು. ಗಂಡಿನ ದೊಡ್ಡಪ್ಪ ಚಿತ್ರಲಿಂಗಪ್ಪ ಕೂಡ ಕುರಿ ಸಾಕಿದವರೇ. ಭಾಗ್ಯ ಅವರಿಗೆ ಮೆಚ್ಚುಗೆಯಾದಳು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಾಫಿ ಆಯಿತು. ಚಿತ್ರಲಿಂಗಪ್ಪ ತಾವು ತಂದ ಬಾಳೆಹಣ್ಣಿನ ಚಿಪ್ಪು ಎತ್ತಿಕೊಂಡರು.

“ಬರ್ರೇ ಹುಡುಗೇರಾ, ತಗಳ್ರಿ.”

ಹುಡುಗಿಯರೆಲ್ಲ ಎದ್ದು ಓಡಿದರು. ಚಾಪೆಯ ಮೇಲೆ ನಾಗಶ್ರೀ ಒಬ್ಬಳೇ ಉಳಿದಳು.

“ಏನವ್ವ, ಮಹಾರಾಣಿ ಹಂಗೆ ಕುಂತೀಯ? ನಾನೇ ತಂದ್ಕೊಡ್ಬೇಕಾ?”

“ನಿನ್ನೆ ಬಿದ್ದೆ ತಾತ.”

“ಎಲ್ಲಿ?”

ಇದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ. ಅವಳು ಒಮ್ಮೆ ಅವನ ಮುಖ ನೋಡಿ ತಾನೇ ಮುಂದುವರಿಸಿದಳು. “ನಲ್ಲಿ ತಾವ. ಟಗರು ಅಡ್ಡ ಬಂತು. ಅಪ್ಪನೇ ಎತ್ಕೊಂಡು ಬಂತು, ರಾತ್ರಿಯೆಲ್ಲ ಕಾಲು ಒತ್ತಿತು.”

“ಪುಣ್ಯವಂತೆ ಬಿಡು, ಅಂಥ ಅಪ್ಪ,” ಎಂದು ಚಿತ್ರಲಿಂಗಪ್ಪ ನಗುತ್ತ ಅವಳ ಮಡಿಲಿಗೆ ಎರಡು ಹಣ್ಣು ಹಾಕಿದರು. ಕನಕರಾಜ್ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ. ಆ ಕಾಲನ್ನು ಅವನು ಒಂದು ದಿನವೂ ಒತ್ತಿರಲಿಲ್ಲ.

ನೆಂಟರು ಹೊರಟು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಾಗ ಚಾಪೆಯ ಮೇಲಿಂದ ನಾಗಶ್ರೀ ಕೇಳಿದಳು.

“ಅಪ್ಪ, ಮದ್ವೆ ದಿನಾನೂ ನಿನ್ನೆ ಬಿದ್ದೆ ಅಂತ್ಲೇ ಹೇಳ್ಬೇಕಾ?”

ಚಿತ್ರಲಿಂಗಪ್ಪ ತಿರುಗಿ ನಿಂತರು.

“ಬಿದ್ದಿಲ್ಲ ಯಜಮಾನ್ರೇ,” ಕನಕರಾಜ್ ನೆಲ ನೋಡಿಕೊಂಡು ಹೇಳಿದ. “ದಿನ ತುಂಬದೆ ಹುಟ್ಟಿದ ಕೂಸು. ಕಾಲು ಬಿಗಿ ಐತೆ. ಮನೆತನದ್ದಲ್ಲ.”

“ಅದ್ರಾಗೆ ಮುಚ್ಚಿಡೋ ಅಂಥದ್ದೇನೈತಪ್ಪ? ಕೂಸಿಗೆ ಸುಳ್ಳು ಯಾರು ಕಲ್ಸಿದ್ದು?”

“ನಾನೇ.”

ಚಿತ್ರಲಿಂಗಪ್ಪ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿದರು. “ಯೋಚ್ನೆ ಮಾಡಿ ಫೋನ್ ಮಾಡ್ತೀವಿ. ಯೋಚ್ನೆ ಆ ಕೂಸಿನ ಕಾಲಿಗಲ್ಲ, ತಿಳ್ಕ,” ಎಂದು ಮೆಟ್ಟಿಲಿಳಿದರು.

ಭಾಗ್ಯ ಅಣ್ಣನ ಕಡೆ ನೋಡದೆ ಒಳಗೆ ಹೋದಳು. ನಾಗಶ್ರೀಗೆ ಏನೋ ಕೆಟ್ಟಿತೆಂದು ತಿಳಿಯಿತು.

“ತಪ್ಪಾಯ್ತು ಅಪ್ಪ.”

ಕನಕರಾಜ್ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. “ನಿಂದಲ್ಲವ್ವ, ನಂದು,” ಎಂದ. ಅವಳ ಮುಖ ನೋಡಲು ಮಾತ್ರ ಅವನಿಂದ ಆಗಲಿಲ್ಲ.