ಬಿರುಕಿಗೆ ಅಡ್ಡಲಾದ ಗಾಜು

ಹಳೇ ದೆಹಲಿಯ ಚಾವಡಿ ಬಜಾರಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಮನೆ ಕೆಡವಿದ ಜಾಗದಲ್ಲಿ, ಕಾಗದದ ವ್ಯಾಪಾರಿಯೊಬ್ಬರಿಗಾಗಿ ಹೊಸ ಇಟ್ಟಿಗೆ ಮನೆ ಏಳಬೇಕಿತ್ತು. ನಕ್ಷೆ ಪವನನದು. ಅವನು ತೀರಿಕೊಂಡು ಏಳು ತಿಂಗಳಾಗಿತ್ತು. ಹೆಂಡತಿ ಲಾವಣ್ಯಾಳೂ ಆರ್ಕಿಟೆಕ್ಟೇ. ಕೆಲಸ ಅವಳ ಪಾಲಿಗೆ ಬಂತು. ನಕ್ಷೆಯ ಒಂದು ಗೆರೆಯನ್ನೂ ಅವಳು ಮುಟ್ಟಿರಲಿಲ್ಲ.

ಕೆಡವಿದ ವಾರಕ್ಕೇ ಪಕ್ಕದ ಮನೆಯ ಗೋಡೆ ಬಿರುಕು ಬಿಟ್ಟಿತು. ಸೈಟ್ ನೋಡಿಕೊಳ್ಳುತ್ತಿದ್ದ ಪವನನ ಗೆಳೆಯ ಮಹಂತೇಶ್, ನಕ್ಷೆಯಲ್ಲಿದ್ದ ಅಂಗಳ ಕೈಬಿಟ್ಟು ಅಲ್ಲಿ ಆ ಗೋಡೆಗೆ ಆಸರೆಯಾಗಿ ದಪ್ಪ ಗೋಡೆ ಕಟ್ಟೋಣವೆಂದ. ಆ ಅಂಗಳವೇ ಪವನನ ಮನೆಯ ಜೀವ. ಲಾವಣ್ಯಾ ಒಪ್ಪಲಿಲ್ಲ. "ಮೊದಲು ಗಾಜು ಕೂರಿಸಿ ನೋಡಿ" ಎಂದಳು. ಬಿರುಕಿಗೆ ಅಡ್ಡಲಾಗಿ ಸಿಮೆಂಟಿನಲ್ಲಿ ಕೂರಿಸಿದ ಗಾಜಿನ ಪಟ್ಟಿ ಒಡೆದರೆ, ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ.

ಎರಡು ದಿನ ಅವಳು ಆ ಗಾಜೊಂದನ್ನೇ ನಂಬಿಕೊಂಡಿದ್ದಳು. ಮೂರನೆಯ ಬೆಳಿಗ್ಗೆ ಅದು ಎರಡು ತುಂಡಾಗಿತ್ತು.

ಮೇಲಿನ ಕಿಟಕಿಯಿಂದ ಪಕ್ಕದ ಮನೆಯ ಜುಬೈದಾ ಕೂಗಿದರು. "ಬೇಟಿ, ನಿಮ್ಮ ಗಾಜು ಒಡೆದದ್ದಕ್ಕೆ ನಮ್ಮನ್ನು ಬೈಬೇಡ! ನಾವು ಕೈಯೂ ಹಚ್ಚಿಲ್ಲ!"

"ನಿಮ್ಮನ್ನು ಯಾರು ಬೈತಾರೆ, ಆಪಾ? ನಿಮ್ಮ ಅಮ್ಮೀಜಾನ್ ಎಲ್ಲಿ?"

"ಇನ್ನೆಲ್ಲಿ? ಹಾಸಿಗೆಯಲ್ಲಿ. ಈ ಗೋಡೆಗೇ ತಲೆ ಮಾಡಿ ಮಲಗಿದಾಳೆ. ಹನ್ನೆರಡು ವರ್ಷದಿಂದ ಅದೇ ಜಾಗ."

ಲಾವಣ್ಯಾ ಮಹಂತೇಶನತ್ತ ತಿರುಗಿದಳು.

"ಅತ್ತಿಗೆ, ಪವನನ ತಪ್ಪು ಅಂತಲ್ಲ" ಎಂದ ಅವನು, ತಲೆ ತಗ್ಗಿಸಿ. "ರೋಹಿಣಿ ಬಡಾವಣೆಯ ಹೊಸ ಪ್ಲಾಟುಗಳಲ್ಲಿ ಕೆಲಸ ಮಾಡಿದವರು ನಾವು. ಅಲ್ಲಿ ಅವರವರ ಗೋಡೆ ಅವರವರದು. ಇಲ್ಲಿ ಅವರ ಗೋಡೆ ನಾವು ಕೆಡವಿದ ಹಳೇ ಮನೆಗೆ ಒರಗಿಕೊಂಡೇ ನಿಂತಿತ್ತು. ಪವನ್ ಈ ಕಡೆಯಿಂದಷ್ಟೇ ಅಳತೆ ತಗೊಂಡ."

"ನೀವು?"

"ನಾನೂ ಟೇಪಿನ ಇನ್ನೊಂದು ತುದಿ ಹಿಡಿದಿದ್ದೆ."

ಅವಳು ನಕ್ಷೆ ಬಿಡಿಸಿ ಇಟ್ಟಿಗೆ ರಾಶಿಯ ಮೇಲೆ ಹಾಸಿದಳು. ಅಂಗಳದ ನಡುವೆ ಪವನನ ಓರೆ ಅಕ್ಷರ: 'ಹನ್ನೊಂದರ ಬಿಸಿಲು'.

"ಎಷ್ಟು ದಪ್ಪ ಬೇಕು?"

"ಹದಿನೆಂಟು ಇಂಚು. ಮೂರು ಮಹಡಿಗೂ. ನಡುನಡುವೆ ಅಡ್ಡಗೋಡೆ. ಅಂಗಳ ಉಳಿಯಲ್ಲ."

ಪೆನ್ಸಿಲ್ ಅಂಗಳದ ಅಂಚಿನಲ್ಲಿ ಬಹಳ ಹೊತ್ತು ನಿಂತಿತು. ಮೇಲೆ ಮುದುಕಿ ಕೆಮ್ಮಿದ್ದು ಗೋಡೆಯೊಳಗಿಂದ ಬಂದಂತೆ ಕೇಳಿಸಿತು.

ಲಾವಣ್ಯಾ ಗೆರೆ ಎಳೆದಳು. ಅದು ಬಿಸಿಲಿನ ಮೇಲೇ ಹಾದುಹೋಯಿತು.

"ಅಮ್ಮೀಜಾನ್‌ರನ್ನು ಮಂಚದ ಸಮೇತ ಬೀದಿ ಕಡೆಯ ಕೋಣೆಗೆ ಸಾಗಿಸಿ. ಗೋಡೆಗೆ ಮರದ ಆಸರೆ ಕೊಡಿ. ಆಮೇಲೆ..." ಅವಳು ನಕ್ಷೆಯನ್ನು ಸುರುಳಿ ಸುತ್ತಿದಳು. "ಆಮೇಲೆ ಇನ್ನೊಂದು ಗಾಜು ತನ್ನಿ."