ಬೆಚ್ಚಮ್ಮನ ವಯಸ್ಸು

ಟಿಕ್. ತುಸು ಹೊತ್ತಿಗೆ ಮತ್ತೊಂದು ಟಿಕ್.

ಬಟ್ಟೆ ಹೊಲಿದು ಸುಸ್ತಾಗಿ ಆಗಷ್ಟೇ ಕಾಲು ಚಾಚಿದ್ದವಳು ಎದ್ದು ಕುಳಿತಳು. ಪಕ್ಕದ ಹೊಲಿಗೆ ಕೋಣೆಯಲ್ಲಿ ಅವಳು ಬೆಚ್ಚಮ್ಮ ಎಂದು ಕರೆಯುವ ಇಸ್ತ್ರಿಪೆಟ್ಟಿಗೆ ಆರುತ್ತಿತ್ತು. ದಿನವೂ ಆರುವಾಗ ಅದು ಒಂದೇ ಸಲ ಟಿಕ್ ಅನ್ನುತ್ತಿತ್ತು. ಅವಳ ಪಾಲಿಗೆ ಅದು 'ಇನ್ನು ಮಲಗ್ತೀನಮ್ಮ' ಎಂದಂತೆ.

"ರೀ, ಬೆಚ್ಚಮ್ಮನಿಗೆ ಹುಷಾರಿಲ್ಲ."

"ಜ್ವರಾನಾ?" ಗಂಡ ಕಣ್ಣು ತೆರೆಯದೆ ನಕ್ಕ. "ಅವಳಿಗೆ ಮೈ ಬಿಸಿ ಇಲ್ಲದಿದ್ರೇ ತೊಂದ್ರೆ ಕಣೇ. ಮಲಕ್ಕೋ."

"ನಾಳೆ ರಿಪೇರಿಗೆ ತಗೊಂಡು ಹೋಗ್ತೀನಿ."

ನಗು ನಿಂತಿತು. "ನೀನ್ಯಾಕೆ? ನಾನೇ ಕೊಟ್ಟು ಬರ್ತೀನಿ."

ಆ ಮಾತು ಅವಳಿಗೆ ಚುಚ್ಚಿತು. ತನ್ನವಳನ್ನು ತಾನೇ ಒಯ್ಯಬಾರದೇ? ಬೆಳಿಗ್ಗೆ ಅವನು ಸ್ನಾನಕ್ಕೆ ಹೋದದ್ದೇ ತಡ, ಬೆಚ್ಚಮ್ಮನನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟಳು. ಹದಿನೆಂಟು ವರ್ಷದ ಹಿಂದೆ ಮೊದಲ ಸಂಪಾದನೆಯಲ್ಲಿ ಕೊಂಡವಳು. ಹಿಡಿಯ ತುದಿಗೆ ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟು ಮನೆತುಂಬಿಸಿಕೊಂಡವಳು.

ರಿಪೇರಿಯ ಮುದುಕ ತಿರುಪು ಬಿಚ್ಚಿ ಒಳಗೆ ಇಣುಕಿದ. "ಸ್ಪ್ರಿಂಗ್ ಸಡಿಲ ಆಗಿದೆ, ಅಷ್ಟೇ."

"ಹದಿನೆಂಟು ವರ್ಷ ದುಡಿದಿದ್ದಾಳೆ, ಪಾಪ."

"ಇದಾ? ಆರು ವರ್ಷದ್ದಮ್ಮ." ಒಳತಗಡಿನಲ್ಲಿ ಒತ್ತಿದ್ದ ವರ್ಷವನ್ನು ತೋರಿಸಿದ. "ಹಳೇದು ಒಳಗೆಲ್ಲ ಸುಟ್ಟು ಕರಕಲಾಗಿತ್ತಲ್ಲ, ಗುಜರಿಗೆ ಹಾಕ್ದೆ. ಥೇಟ್ ಅಂಥದ್ದೇ ಬೇಕು ಅಂತ ನಿಮ್ಮ ಯಜಮಾನ್ರು ಒಂದು ವಾರ ನನ್ನ ತಲೆ ತಿಂದ್ರು. ಚುಕ್ಕೆ ಸಮೇತ! ಹೇಳಿಲ್ವಾ?"

ಅವಳು ಹಿಡಿಯ ತುದಿಯ ಚುಕ್ಕೆಯನ್ನು ಉಗುರಿನಿಂದ ಉಜ್ಜಿ ನೋಡಿದಳು. ಆರು ವರ್ಷದ ಹಿಂದೆ, ಗಂಡ ರಿಪೇರಿ ಮಾಡಿಸಿ ತಂದವಳ ಬೆನ್ನು ಸವರಿ, "ನನ್ನ ಕೈ ಮರೆತಿಲ್ಲ ನೋಡಿ" ಎಂದಿದ್ದಳು. "ಮರೀತಾಳಾ?" ಎಂದು ಅವನು ದನಿಗೂಡಿಸಿದ್ದ. ಚುಕ್ಕೆ ಹೆಚ್ಚು ಕೆಂಪಗೆ ಕಂಡಾಗ, ಚೇತರಿಸಿಕೊಂಡಿದ್ದಾಳೆ ಎಂದು ಹಿಗ್ಗಿದ್ದಳು.

ಅಮ್ಮ ತೀರಿಕೊಂಡಾಗ ಅತ್ತದ್ದು ಆ ಹಳೆಯವಳ ಮುಂದೆ. ಹೋದ ವರ್ಷ ಎದೆಯಲ್ಲಿ ಗಂಟು ಕೈಗೆ ಸಿಕ್ಕಿದಾಗ, ಪರೀಕ್ಷೆಯ ವರದಿ ಬರುವವರೆಗೆ ಗಂಡನಿಗೂ ಹೇಳದ ಹೆದರಿಕೆಯನ್ನೆಲ್ಲ ತೋಡಿಕೊಂಡದ್ದು ಇವಳ ಮುಂದೆ. ಯಾರೋ ಗೊತ್ತಿಲ್ಲದವಳ ಮುಂದೆ. ಇವಳಾದರೂ ನಾನು ಅವಳಲ್ಲ ಎನ್ನಬಾರದಿತ್ತೇ? ಕಬ್ಬಿಣದ ಮೇಲೆ ಸಿಟ್ಟಾಗುವುದು ಹುಚ್ಚೆಂದು ಅವಳಿಗೆ ತಿಳಿದಿತ್ತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಗಂಡ ಮನೆ ಬಾಗಿಲಲ್ಲೇ ಕಾದಿದ್ದ. "ಏನಂದ್ರು?"

"ಸ್ಪ್ರಿಂಗ್ ಸಡಿಲ ಆಗಿತ್ತಂತೆ."

ಅವನ ಉಸಿರು ಸಡಿಲವಾದದ್ದು ಕಣ್ಣಿಗೆ ಕಾಣುವಂತಿತ್ತು. "ನಾನು ಹೇಳ್ಲಿಲ್ವಾ? ಹದಿನೆಂಟು ವರ್ಷದ ಗಟ್ಟಿಗಿತ್ತಿ!"

ಎಷ್ಟು ಸಲೀಸಾಗಿ ಬಂತು ಆ ಮಾತು! ಅವಳು ಇನ್ನು ಯಾವ ಯಾವ ಚುಕ್ಕೆಗಳನ್ನು ಉಜ್ಜಿ ನೋಡಬೇಕು?

ಪ್ಲಗ್ ಚುಚ್ಚಿದಳು. ಗಿರಾಕಿಯ ಅಂಗಿಯ ಕಾಲರ್ ಬಿಡಿಸಿ ಹಾಸಿದಳು. "ಬಾರೇ" ಎನ್ನಲು ತೆರೆದ ಬಾಯಿ ಹಾಗೇ ಮುಚ್ಚಿತು. ತನಗೆ ತಿಳಿದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದಳು. ಗಂಡನಿಗಿಲ್ಲ, ತಂಗಿಗಿಲ್ಲ, ಕೈಯಲ್ಲಿ ಬಿಸಿಯೇರುತ್ತಿದ್ದ ಇವಳಿಗಂತೂ ಇಲ್ಲ. ಹೇಳಿಕೊಳ್ಳಬಹುದಾಗಿದ್ದವಳು ಗುಜರಿ ಸೇರಿ ಆರು ವರ್ಷವಾಗಿತ್ತು.