ಹಲ್ಲುಚಕ್ರ ಬದಲಿಸದ ದಿನ

ಹಾಸನದ ಬಸ್‌ ನಿಲ್ದಾಣದ ಹಿಂದೆ ನಾಗಕುಮಾರನದೊಂದು ಪಂಪಿನ ಮೋಟಾರು ರಿಪೇರಿ ಅಂಗಡಿ. ಬೆಂಗಳೂರಿನಿಂದ ಬರುವ ದೊಡ್ಡ ಸುರುಳಿಯ ತಾಮ್ರದ ತಂತಿಯನ್ನು ಚಿಕ್ಕ ರೀಲುಗಳಿಗೆ ಸುತ್ತುವ ಕೆಲಸ ಅವನ ಹೆಂಡತಿ ರಾಜೀಮತಿಯದು. ಆ ರೀಲಿನಿಂದ ತಂತಿ ಎಳೆದು ಮೋಟಾರಿಗೆ ಕಟ್ಟುವವನು ಕೊಣನೂರಿನ ಬೈರಯ್ಯ.

ಸುತ್ತುವುದೆಂದರೆ ಹಿಡಿ ತಿರುಗಿಸುವುದಷ್ಟೇ ಅಲ್ಲ. ರೀಲು ಒಂದು ಸುತ್ತು ತಿರುಗುವಷ್ಟರಲ್ಲಿ ತಂತಿ ಹಾಯುವ ಕೊಕ್ಕೆ ತಂತಿಯ ದಪ್ಪದಷ್ಟೇ ಪಕ್ಕಕ್ಕೆ ಸರಿಯಬೇಕು. ಹೆಚ್ಚು ಸರಿದರೆ ಎಳೆಗಳ ನಡುವೆ ಸಂದು ಬಿದ್ದು, ಮೇಲಿನ ಸುತ್ತು ಆ ಸಂದಿಗೆ ಇಳಿದು ಕಚ್ಚಿಕೊಳ್ಳುತ್ತದೆ; ಜಗ್ಗಿ ಎಳೆದರೆ ವಿದ್ಯುತ್ತನ್ನು ತಡೆಯುವ ವಾರ್ನಿಷ್‌ ಲೇಪ ಕಿತ್ತು, ಮೋಟಾರು ಸುಡುತ್ತದೆ. ಅದಕ್ಕೇ ತಂತಿಯ ದಪ್ಪ ಬದಲಾದಾಗಲೆಲ್ಲ ಯಂತ್ರದ ಹಲ್ಲುಚಕ್ರವನ್ನೂ ಬದಲಿಸಬೇಕು. ರಾಜೀಮತಿ ಎಂದೂ ತಪ್ಪಿಸಿದವಳಲ್ಲ.

೧೯೬೧ರ ಮಾಘದಲ್ಲಿ ಒಂದು ದಿನ ತಪ್ಪಿಸಿದಳು. ಚನ್ನರಾಯಪಟ್ಟಣದಲ್ಲಿ ತಂಗಿಯ ಸೀಮಂತ, ಬಸ್ಸಿಗೆ ಹೊತ್ತಾಗಿತ್ತು. ದಪ್ಪ ತಂತಿಯ ಚಕ್ರದಲ್ಲೇ ಸಣ್ಣ ತಂತಿ ಸುತ್ತಿಟ್ಟು ಹೊರಟಳು.

ಹಿಂತಿರುಗಿದಾಗ ಬೈರಯ್ಯ ಕೇಳಿದ: “ಅಮ್ಮಾರೆ, ಈ ರೀಲು ಯಾಕೋ ಜಗ್ಗಿ ಜಗ್ಗಿ ಬತ್ತೈತೆ. ಮ್ಯಾಲಿನ ವಾರ್ನಿಷ್‌ ಏನಾರ ಕಿತ್ತೋದಾತಾ?”

“ಹೊಸ ಸರಕು ಬೈರಯ್ಯ, ಸ್ವಲ್ಪ ಬಿಗಿ ಇರುತ್ತೆ. ಏನೂ ಆಗಲ್ಲ, ಕಟ್ಟು,” ಎಂದಳು. ಎಲ್ಲ ಬಿಚ್ಚಿ ಮತ್ತೆ ಸುತ್ತಲು ಅವಳಿಗೆ ಬೇಜಾರು.

ಹದಿನೈದು ದಿನಕ್ಕೆ ಕೊರವಂಗಲದ ರೈತ ನಂಜಯ್ಯ ಆ ತಂತಿ ಕಟ್ಟಿದ ಮೋಟಾರನ್ನು ಗಾಡಿಗೆ ಹೇರಿಕೊಂಡು ಬಂದ. ಒಳಗೆಲ್ಲ ಸುಟ್ಟು ಕರಕಲು. “ಆಲೂಗೆಡ್ಡೆ ಗಿಡ ಎಲ್ಲಾ ಬಾಡೋಯ್ತು ಕಣ್ರಪ್ಪ!” ಎಂದು ಕೂಗಾಡಿದ. ನಾಗಕುಮಾರ ಎಲ್ಲರೆದುರೇ ಬೈರಯ್ಯನ ಮೇಲೆ ಹರಿಹಾಯ್ದ: “ಕಣ್ಣು ಎಲ್ಲಿಟ್ಕೊಂಡು ಕಟ್ದೆಯೋ?” ಬೈರಯ್ಯ ಸುಟ್ಟ ತಂತಿಯನ್ನು ತಿರುಗಿಸಿ ತಿರುಗಿಸಿ ನೋಡಿದ. “ನನ್‌ ಕೈಯಾಗೇ ಏನೋ ತೆಪ್ಪಾಗೈತೆ ಸಾ,” ಎಂದ.

ಬಾಗಿಲ ಮರೆಯಲ್ಲಿ ನಿಂತು ರಾಜೀಮತಿ ಎಲ್ಲ ಕೇಳಿಸಿಕೊಂಡಳು. ಇವರ ಸಿಟ್ಟು ಇಳಿಯಲಿ, ನಾಳೆ ಹೇಳಿದರಾಯಿತು ಅಂದುಕೊಂಡಳು. ಮರುದಿನ ಬೈರಯ್ಯ ಬರಲಿಲ್ಲ. ಆಮೇಲೂ ಬರಲಿಲ್ಲ. ಅವಳೂ ಬಾಯಿ ಬಿಡಲಿಲ್ಲ.

ಆರು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಊಟದ ಎಲೆಯ ಮುಂದೆ ನಾಗಕುಮಾರ, “ಅಂಥ ಕೈ ನನಗೆ ಇನ್ನೂ ಸಿಕ್ಕಿಲ್ಲ. ಆ ಒಂದು ಮೋಟಾರು ಯಾಕೆ ಕೆಡಿಸಿದ್ನೋ,” ಎಂದ. ರಾಜೀಮತಿ ಬಡಿಸುತ್ತಿದ್ದ ಸೌಟು ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು. ಅವನು ಅರ್ಧ ಊಟಕ್ಕೇ ಎದ್ದ. ಕೈ ತೊಳೆದು, “ನಡಿ, ಕರ್ಕೊಂಡು ಬರೋಣ,” ಎಂದ.

ಅರಕಲಗೂಡಿನ ಮೇಲೆ ಕೊಣನೂರಿಗೆ ಹೋದರು. ಅಂದು ಸಂತೆ. ಬೈರಯ್ಯ ಹಗ್ಗ ಮಾರುತ್ತ ಕೂತಿದ್ದ. ರಾಜೀಮತಿ ನಿಂತಲ್ಲೇ ತಪ್ಪೊಪ್ಪಿಕೊಂಡಳು.

“ಅವತ್ತು ನಿಮ್ಮನ್ನೇ ಕೇಳಿದ್ನಲ್ಲ ಅಮ್ಮಾರೆ,” ಎಂದ ಬೈರಯ್ಯ ಮೆಲ್ಲಗೆ. “ಏನೂ ಆಗಲ್ಲ ಅಂದ್ರಿ. ನೀವಂದ ಮ್ಯಾಲೆ ತಂತೀದಲ್ಲ, ತೆಪ್ಪು ನಂದೇ ಅಂದ್ಕಂಡೆ. ಆಮ್ಯಾಕೆ ಅರಕಲಗೂಡ್ನಾಗೆ ಕೆಲ್ಸಕ್ಕೆ ಕರುದ್ರು. ತಂತಿ ಮುಟ್ಟುದ್ರೆ ಇದೂ ಸುಟ್ಟೋಯ್ತದೆ ಅನ್ಸೋದು. ಓಗ್ಲಿಲ್ಲ.”

“ಈಗ ಬಾ ಬೈರಯ್ಯ,” ಎಂದ ನಾಗಕುಮಾರ.

“ಈಗ ಕಣ್ಣೂ ಮಂಜು ಸಾ. ಸಣ್‌ ತಂತಿ ಕಾಣಾಕಿಲ್ಲ.”

ಅವನು ಬೈಯಲಿ ಎಂದು ರಾಜೀಮತಿ ಕಾದಳು. ಬೈಯಲಿಲ್ಲ, ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. ಯಾರೋ ಎತ್ತಿನ ಮೂಗುದಾರ ಕೇಳಿದರು, ಅತ್ತ ತಿರುಗಿದ.

ಹಿಂತಿರುಗುವ ಬಸ್ಸು ಅರಕಲಗೂಡು ದಾಟಿತು.

“ಅವನನ್ನ ಬೈಯೋಕ್ಕೆ ಮುಂಚೆ ನಾನಾದ್ರೂ ಆ ರೀಲು ಒಂದ್ಸಲ ಎಳೆದು ನೋಡ್ಬೇಕಿತ್ತು,” ಎಂದ ನಾಗಕುಮಾರ.